ಜಿಜಿಪ್ ಫೈಲ್ ಬಿಚ್ಚುತ್ತಿಲ್ಲವೇ? ಮೊದಲು ತಲೆ ನೋಡಿ, ಆಮೇಲೆ ಬಾಲ

ರಾತ್ರಿ ಹೊತ್ತು ತನ್ನಷ್ಟಕ್ಕೆ ಓಡುವ ಬ್ಯಾಕಪ್ ಸ್ಕ್ರಿಪ್ಟ್ ಒಂದನ್ನು ನಾನು ತಿಂಗಳುಗಟ್ಟಲೆ ನಂಬಿದ್ದೆ. ದಿನಕ್ಕೊಂದು ಜಿಜಿಪ್ ಫೈಲ್, ಅಂದರೆ ಡೇಟಾವನ್ನು ಕುಗ್ಗಿಸಿಟ್ಟ ಫೈಲ್, ಬರುತ್ತಿತ್ತು. ಹೆಸರಿನಲ್ಲಿ ತಾರೀಖೂ ಸರಿಯಾಗಿರುತ್ತಿತ್ತು. ಬೇಕಾದ ದಿನ ತೆಗೆದು ನೋಡಿದರೆ ಕೊನೆಯ ಹನ್ನೊಂದು ಫೈಲ್‌ಗಳೂ ತಲಾ 20 ಬೈಟ್! ಎಲ್ಲೂ ಒಂದು ಎರರ್ ಇಲ್ಲ. ಬಿಚ್ಚಿದರೆ ಬಿಚ್ಚಿಕೊಳ್ಳುತ್ತವೆ, ಒಳಗೆ ಮಾತ್ರ ಏನೂ ಇಲ್ಲ. ಆ 20ರ ಗುಟ್ಟು ಮುಂದೆ ಹೇಳುತ್ತೇನೆ.

ಆಮೇಲೆ ಇಂಥವು ಬಹಳ ನೋಡಿದ್ದೇನೆ. ಕುಗ್ಗಿಸುವ ಗಣಿತ ತಪ್ಪಿದ್ದನ್ನು ಮಾತ್ರ ಒಮ್ಮೆಯೂ ನೋಡಿಲ್ಲ. ಆ ಗಣಿತ ಮಾಡುವ ಜೆಡ್‌ಲಿಬ್ ಲೈಬ್ರರಿ 1995ರಿಂದ ಬಳಕೆಯಲ್ಲಿದೆ, ಅದರ ಮೇಲೆ ಅನುಮಾನ ಪಡುವುದು ಕೊನೆಗೆ. ತಪ್ಪು ಇರುವುದು ಹೆಚ್ಚಾಗಿ ಸ್ಟ್ರೀಮಿನ, ಅಂದರೆ ಹರಿದುಬರುವ ಬೈಟುಗಳ ಸಾಲಿನ, ಎರಡು ತುದಿಗಳಲ್ಲಿ: ನಾವು ಅಂದುಕೊಂಡ ಫೈಲೇ ಅದಲ್ಲ, ಇಲ್ಲವೇ ಬರೆಯುವುದು ಮುಗಿಯುವ ಮೊದಲೇ ಕೈಬಿಟ್ಟಿದ್ದೇವೆ. ಹಾಗಾಗಿ ಕೋಡ್ ತೆರೆಯುವ ಮೊದಲು ಫೈಲಿನ ತಲೆ ಮತ್ತು ಬಾಲ ನೋಡುವುದು ನನ್ನ ರೂಢಿ.

ಇಲ್ಲಿನ ಉದಾಹರಣೆಗಳು ಪೈಥಾನಿನವು. ಫೈಲಿನ ರೂಪ ಎಲ್ಲ ಭಾಷೆಗಳಲ್ಲೂ ಒಂದೇ ಆದ್ದರಿಂದ ನೋಡ್ ಜೆಎಸ್, ರೂಬಿ, ಪರ್ಲ್ ಬರೆಯುವವರಿಗೂ ಲಕ್ಷಣಗಳು ಇವೇ.

## ಕೈ ಹಾಕುವ ಮೊದಲು

ಕೆಟ್ಟಿರುವ ಫೈಲಿನ ನಕಲೊಂದನ್ನು ಬೇರೆ ಕಡೆ ಇಟ್ಟುಕೊಳ್ಳಿ. ಜಿಜಿಪ್ ಕಮಾಂಡ್ ಫೈಲನ್ನು ಬಿಚ್ಚಿದ ಮೇಲೆ ಮೂಲವನ್ನು ತಾನೇ ಅಳಿಸಿಬಿಡುತ್ತದೆ. ಉಳಿಯಬೇಕಾದರೆ "ಕೆ" ಆಯ್ಕೆ ಕೊಡಬೇಕು. ಇನ್ನು "ಸ್ಕ್ರಿಪ್ಟನ್ನೇ ಮತ್ತೊಮ್ಮೆ ಓಡಿಸಿ ನೋಡೋಣ" ಅನ್ನುವುದಂತೂ ಅಪಾಯ. ಬೈಟು ಬರೆಯುವ "ಡಬ್ಲ್ಯೂಬಿ" ಮೋಡಿನಲ್ಲಿ ತೆರೆದ ಕ್ಷಣವೇ ಹಳೆಯ ಫೈಲ್ ಖಾಲಿಯಾಗುತ್ತದೆ. ಅದರಲ್ಲಿ ಅರ್ಧ ಡೇಟಾ ಉಳಿಸಿಕೊಳ್ಳುವ ಹಾಗಿದ್ದರೆ ಅದೂ ಹೋಯಿತು.

ನಕಲು ಆದ ಮೇಲೆ ಮೂರು ಪರೀಕ್ಷೆ. ಮೂರಕ್ಕೂ ಸೇರಿ ಎರಡು ನಿಮಿಷ ಸಾಕು.

ಒಂದು, ಫೈಲಿನ ಗಾತ್ರವನ್ನು ಬೈಟಿನಲ್ಲಿ ನೋಡಿ. "ಸುಮಾರು 4 ಕೆಬಿ" ಅಂತಲ್ಲ, ನಿಖರ ಸಂಖ್ಯೆ ಬೇಕು. ಎರಡು, ಜಿಜಿಪ್ ಕಮಾಂಡಿಗೆ "ಟಿ" ಆಯ್ಕೆ ಕೊಟ್ಟು ಓಡಿಸಿ. ಅದು ಏನನ್ನೂ ಬರೆಯುವುದಿಲ್ಲ, ಫೈಲ್ ಗಟ್ಟಿಯೋ ಅಲ್ಲವೋ ಎಂದಷ್ಟೇ ಹೇಳುತ್ತದೆ. ಇಲ್ಲಿ ಪಾಸಾಗಿ ನಿಮ್ಮ ಸ್ಕ್ರಿಪ್ಟಿನಲ್ಲಿ ಮಾತ್ರ ಕೆಟ್ಟರೆ ತಪ್ಪು ಓದುವ ಕಡೆ ಇದೆ. ಇಲ್ಲೂ ಕೆಟ್ಟರೆ ಬರೆಯುವ ಕಡೆ ಅಥವಾ ಸಾಗಿಸುವ ದಾರಿಯಲ್ಲಿ. ಈ ಒಂದು ಉತ್ತರದಿಂದ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ. ಮೂರು, ಮೊದಲ 16 ಮತ್ತು ಕೊನೆಯ 16 ಬೈಟುಗಳನ್ನು ಹೆಕ್ಸಿನಲ್ಲಿ (ಪ್ರತಿ ಬೈಟನ್ನು 0ರಿಂದ 9, ಎ ಇಂದ ಎಫ್ ಚಿಹ್ನೆಗಳಲ್ಲಿ ಎರಡೆರಡಾಗಿ ಬರೆಯುವ ರೀತಿ) ನೋಡಿ. ಪೈಥಾನಿನಲ್ಲಿ ಫೈಲನ್ನು "ಆರ್‌ಬಿ" ಮೋಡಿನಲ್ಲಿ ತೆರೆದು, ಓದಿದ್ದಕ್ಕೆ "ಹೆಕ್ಸ್" ಕರೆದರೆ ಆಯಿತು.

ಸರಿಯಾದ ಜಿಜಿಪ್ ಫೈಲಿನ ತಲೆ ಕನಿಷ್ಠ 10 ಬೈಟ್. ಶುರು 1ಎಫ್ 8ಬಿ, ಮೂರನೆಯದು 08. ಆಮೇಲೆ ಕುಗ್ಗಿಸಿದ ಡೇಟಾ. ಬಾಲ ಯಾವಾಗಲೂ 8 ಬೈಟ್: ಮೊದಲ ನಾಲ್ಕು ಸಿಆರ್‌ಸಿ ಅನ್ನುವ ತಾಳೆ ಸಂಖ್ಯೆ, ಕೊನೆಯ ನಾಲ್ಕು ಮೂಲ ಡೇಟಾದ ಉದ್ದ. ಆ ಉದ್ದಕ್ಕೆ ಇರುವುದು ನಾಲ್ಕೇ ಬೈಟ್ ಆದ್ದರಿಂದ ಮೂಲ 4 ಜಿಬಿ ದಾಟಿದರೆ ಲೆಕ್ಕ ಸುತ್ತಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ದೊಡ್ಡ ಫೈಲಿನಲ್ಲಿ ಉದ್ದ ತಾಳೆಯಾಗದಿದ್ದರೆ ಗಾಬರಿ ಬೇಡ. ಈ ರೂಪವೆಲ್ಲ 1996ರಲ್ಲಿ ಬಂದ "ಆರ್‌ಎಫ್‌ಸಿ 1952" ಎಂಬ ಸಂಖ್ಯೆಯ ದಾಖಲೆಯಲ್ಲಿದೆ. ಹನ್ನೆರಡೇ ಪುಟ, ಒಮ್ಮೆ ಓದಿದರೆ ನಷ್ಟವಿಲ್ಲ.

## "ಇದು ಜಿಜಿಪ್ ಫೈಲೇ ಅಲ್ಲ" ಅನ್ನುತ್ತದೆ

ಪೈಥಾನಿನಲ್ಲಿ ಇದು "ನಾಟ್ ಎ ಜಿಜಿಪ್ಡ್ ಫೈಲ್" ಎಂದು ಬರುತ್ತದೆ. ಪಕ್ಕದ ಕಂಸದಲ್ಲಿ ತಾನು ಕಂಡ ಎರಡು ಬೈಟುಗಳನ್ನೂ ತೋರಿಸುತ್ತದೆ. ಆ ಕಂಸವನ್ನು ಓದದೆ ಗೂಗಲ್ ಮಾಡಲು ಓಡುವವರೇ ಜಾಸ್ತಿ. ಉತ್ತರ ಅಲ್ಲೇ ಇರುತ್ತದೆ. ಜೆಡ್‌ಲಿಬ್ ನೇರವಾಗಿ ಬಳಸಿದರೆ ಇದೇ ದೂರು "ಇನ್‌ಕರೆಕ್ಟ್ ಹೆಡರ್ ಚೆಕ್" ಎಂಬ ಹೆಸರಿನಲ್ಲಿ ಬರುತ್ತದೆ.

ತಲೆಯಲ್ಲಿ ಏನಿದ್ದರೆ ಏನರ್ಥ:

- 50 4ಬಿ: ಇದು ಜಿಪ್. ಅಕ್ಷರದಲ್ಲಿ ಓದಿದರೆ ಪಿ ಮತ್ತು ಕೆ, ಆ ರೂಪ ಮಾಡಿದ ಫಿಲ್ ಕಾಟ್ಜ್ ಹೆಸರಿನ ಮೊದಲಕ್ಷರಗಳು. ಜಿಪ್‌ಫೈಲ್ ಮಾಡ್ಯೂಲ್ ಬಳಸಿ.
- 78 01, 78 9ಸಿ ಅಥವಾ 78 ಡಿಎ: ಜೆಡ್‌ಲಿಬ್ ರೂಪ. ಒಳಗಿನ ಡೇಟಾ ಜಿಜಿಪ್ ಥರದ್ದೇ, ತಲೆ ಬಾಲ ಬೇರೆ.
- 42 5ಎ 68: ಬಿಜಿಪ್2.
- ಎಫ್‌ಡಿ 37 7ಎ 58: ಎಕ್ಸ್‌ಜೆಡ್.
- 28 ಬಿ5 2ಎಫ್ ಎಫ್‌ಡಿ: ಜೆಡ್‌ಸ್ಟ್ಯಾಂಡರ್ಡ್.
- 3ಸಿ: "<" ಚಿಹ್ನೆ. ನೀವು ಇಳಿಸಿಕೊಂಡಿರುವುದು ಫೈಲಲ್ಲ, "ಲಾಗಿನ್ ಮಾಡಿ" ಎಂದೋ "ಪುಟ ಸಿಗಲಿಲ್ಲ" ಎಂದೋ ಹೇಳುವ ವೆಬ್ ಪುಟ. ಫೈಲನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ಓದಿ.
- 7ಬಿ: "{" ಚಿಹ್ನೆ. ಜೇಸನ್, ಅದೂ ಆಗಲೇ ಬಿಚ್ಚಿರುವುದು.
- ಎಫ್‌ಎಫ್ ಎಫ್‌ಇ: ಹಳೆಯ ವಿಂಡೋಸ್ ಪವರ್‌ಶೆಲ್ಲಿನಲ್ಲಿ ">" ಹಾಕಿ ಬರೆದಿದ್ದೀರಿ. ಅದು ಬೈಟುಗಳನ್ನು ಅಕ್ಷರವೆಂದುಕೊಂಡು ಯುಟಿಎಫ್-16ಗೆ ತಿರುಗಿಸಿದೆ.

"ಆಗಲೇ ಬಿಚ್ಚಿರುವುದು" ಅನ್ನುವುದಕ್ಕೆ ಎರಡು ಮಾತು. ಸರ್ವರ್ "ಕಂಟೆಂಟ್ ಎನ್‌ಕೋಡಿಂಗ್ ಜಿಜಿಪ್" ಎಂದು ಹೇಳಿ ಕಳಿಸಿದರೆ ಹೆಚ್ಚಿನ ಎಚ್‌ಟಿಟಿಪಿ ಲೈಬ್ರರಿಗಳು ತಾವೇ ಬಿಚ್ಚಿ ಕೊಡುತ್ತವೆ. ನೀವು ಮತ್ತೆ ಬಿಚ್ಚಲು ಹೋದರೆ ಈ ಎರರ್. ಪೈಥಾನಿನ ರಿಕ್ವೆಸ್ಟ್ಸ್ ಲೈಬ್ರರಿಯಲ್ಲಿ "ಕಂಟೆಂಟ್" ಕೇಳಿದರೆ ಬಿಚ್ಚಿದ್ದು ಸಿಗುತ್ತದೆ, "ರಾ" ಇಂದ ಓದಿದರೆ ಕುಗ್ಗಿಸಿದ್ದು. ಎರಡನ್ನೂ ಬೆರೆಸಿದರೆ ಒಂದು ದಿನ ಸರಿ, ಒಂದು ದಿನ ತಪ್ಪು. ಇದರ ಉಲ್ಟಾ ಕೇಸೂ ಇದೆ. ಒಮ್ಮೆ ಬಿಚ್ಚಿದ ಮೇಲೂ ಬಂದ ಡೇಟಾ 1ಎಫ್ 8ಬಿ ಇಂದಲೇ ಶುರುವಾದರೆ ಎರಡು ಸಲ ಕುಗ್ಗಿಸಲಾಗಿದೆ. ಇನ್ನೊಮ್ಮೆ ಬಿಚ್ಚಿ, ಆಮೇಲೆ ಕಳಿಸಿದವರಿಗೆ ತಿಳಿಸಿ.

ಜೆಡ್‌ಲಿಬ್ ನೇರ ಬಳಸುವವರು "ಡಬ್ಲ್ಯೂಬಿಟ್ಸ್" ಅಂಕಿಯಲ್ಲಿ ಎಡವುತ್ತಾರೆ. 15 ಕೊಟ್ಟರೆ ಜೆಡ್‌ಲಿಬ್ ತಲೆ ನಿರೀಕ್ಷಿಸುತ್ತದೆ, 31 ಕೊಟ್ಟರೆ ಜಿಜಿಪ್ ತಲೆ. ಮೈನಸ್ 15 ಕೊಟ್ಟರೆ ತಲೆಯೂ ಇಲ್ಲ, ಬಾಲವೂ ಇಲ್ಲ, ಬರಿ ಡಿಫ್ಲೇಟ್, ಅಂದರೆ ಒಳಗಿನ ಕುಗ್ಗಿಸಿದ ಡೇಟಾ ಮಾತ್ರ. 47 ಕೊಟ್ಟರೆ ಮೊದಲೆರಡರಲ್ಲಿ ಯಾವುದೆಂದು ತಾನೇ ಕಂಡುಕೊಳ್ಳುತ್ತದೆ. ಗೊತ್ತಿಲ್ಲದ ಫೈಲಿಗೆ ನಾನು 47ರಿಂದಲೇ ಶುರು ಮಾಡುವುದು.

## 8ಬಿ ಬೈಟನ್ನು ಓದಲಾಗಲಿಲ್ಲ ಎಂಬ ಯೂನಿಕೋಡ್ ಎರರ್

"ಯುಟಿಎಫ್-8 ಕೊಡೆಕ್ 8ಬಿ ಬೈಟನ್ನು ಡಿಕೋಡ್ ಮಾಡಲಾರದು, ಸ್ಥಾನ 1" ಎಂಬರ್ಥದ ಎರರ್ ಬಂದರೆ ಇನ್ನೇನೂ ನೋಡಬೇಕಾಗಿಲ್ಲ. ಜಿಜಿಪ್ ಫೈಲನ್ನು ಟೆಕ್ಸ್ಟ್ ಎಂದು ತೆರೆದಿದ್ದೀರಿ. 1ಎಫ್ ಯುಟಿಎಫ್-8ರಲ್ಲಿ ಸಲ್ಲುತ್ತದೆ, ಅದರ ಪಕ್ಕದ 8ಬಿ ಆ ಜಾಗದಲ್ಲಿ ಸಲ್ಲುವುದಿಲ್ಲ. ಅದಕ್ಕೇ ದೂರು ಸ್ಥಾನ ಸೊನ್ನೆಯ ಬದಲು ಸ್ಥಾನ 1ರಲ್ಲಿ. ಮಾಮೂಲಿ "ಓಪನ್" ಬದಲು "ಜಿಜಿಪ್.ಓಪನ್" ಹಾಕಿದರೆ ಮುಗಿಯಿತು.

ಆದರೆ ಒಂದು ವ್ಯತ್ಯಾಸ ನೆನಪಿರಲಿ. ಮಾಮೂಲಿ "ಓಪನ್" ಏನೂ ಹೇಳದಿದ್ದರೆ ಟೆಕ್ಸ್ಟ್ ಮೋಡಿನಲ್ಲಿ ತೆರೆಯುತ್ತದೆ. "ಜಿಜಿಪ್.ಓಪನ್" ಏನೂ ಹೇಳದಿದ್ದರೆ ಬೈಟ್ ಮೋಡಿನಲ್ಲಿ ತೆರೆಯುತ್ತದೆ. ಸಾಲುಗಳು ಸ್ಟ್ರಿಂಗ್ ಆಗಿ ಬೇಕಿದ್ದರೆ "ಆರ್‌ಟಿ" ಎಂದು ಬಾಯಿ ಬಿಟ್ಟು ಹೇಳಬೇಕು, ಎನ್‌ಕೋಡಿಂಗ್ ಯುಟಿಎಫ್-8 ಎಂದೂ ಸೇರಿಸಬೇಕು. ಬರೆಯುವಾಗ "ಬೈಟ್ಸ್ ಲೈಕ್ ಆಬ್ಜೆಕ್ಟ್ ಬೇಕು" ಎಂಬ ದೂರು ಬರುವುದೂ ಇದೇ ಗೊಂದಲದಿಂದ.

ಎರರ್ ಬಂದರೆ ಪುಣ್ಯ. ಬರದೇ ಇದ್ದಾಗಲೇ ಕಷ್ಟ. ಫೈಲಿನ ತಲೆ 1ಎಫ್ ಇಎಫ್ ಬಿಎಫ್ ಬಿಡಿ 08 ಎಂದು ಕಂಡರೆ ಯಾರೋ ದಾರಿಯಲ್ಲಿ ಬೈಟುಗಳನ್ನು ಅಕ್ಷರಕ್ಕೆ ತಿರುಗಿಸಿ, ಓದಲಾಗದ ಕಡೆಯೆಲ್ಲ "�" ಚಿಹ್ನೆ ತುರುಕಿ, ಮತ್ತೆ ಬೈಟಿಗೆ ತಿರುಗಿಸಿದ್ದಾರೆ. ನೋಡ್‌ನಲ್ಲಿ ಬಫರಿಗೆ "ಟೂಸ್ಟ್ರಿಂಗ್" ಕರೆದು ಫೈಲಿಗೆ ಬರೆದರೆ ಹೀಗಾಗುತ್ತದೆ. ಇಎಫ್ ಬಿಎಫ್ ಬಿಡಿ ಕಂಡಲ್ಲಿಗೆ ನಿಲ್ಲಿಸಿ. ಎಷ್ಟೋ ಬೇರೆ ಬೇರೆ ಬೈಟುಗಳು ಒಂದೇ ಚಿಹ್ನೆಯಾಗಿವೆ, ಯಾವುದು ಯಾವುದಾಗಿತ್ತೆಂದು ಯಾರೂ ಹೇಳಲಾರರು. ಮೂಲದಿಂದ ಮತ್ತೆ ತರಿಸಿಕೊಳ್ಳುವುದೊಂದೇ ದಾರಿ.

## ಬಿಚ್ಚುತ್ತಾ ಬಿಚ್ಚುತ್ತಾ ನಡುವೆ ನಿಲ್ಲುತ್ತದೆ: "ಸ್ಟ್ರೀಮ್ ಮುಗಿಯುವ ಮೊದಲೇ ಫೈಲ್ ಮುಗಿಯಿತು"

ಎಲ್ಲಕ್ಕಿಂತ ಹೆಚ್ಚು ಬರುವ ದೋಷ ಇದು. ಪೈಥಾನ್ "ಇಒಎಫ್ ಎರರ್" ಎನ್ನುತ್ತದೆ, ನೋಡ್ "ಅನ್‌ಎಕ್ಸ್‌ಪೆಕ್ಟೆಡ್ ಎಂಡ್ ಆಫ್ ಫೈಲ್" ಎನ್ನುತ್ತದೆ. ತಲೆ ಇದೆ, ಬಾಲ ಇಲ್ಲ.

ಮೊದಲು ಅಗ್ಗದ ಪ್ರಶ್ನೆ: ಬರೆಯುವವನು ಇನ್ನೂ ಬರೆಯುತ್ತಿದ್ದಾನೆಯೇ? ಹತ್ತು ಸೆಕೆಂಡ್ ಬಿಟ್ಟು ಗಾತ್ರ ಮತ್ತೆ ನೋಡಿ. ಬೆಳೆದಿದ್ದರೆ ಫೈಲಿಗೆ ಏನೂ ಆಗಿಲ್ಲ, ನೀವು ಅವಸರ ಮಾಡಿದ್ದೀರಿ ಅಷ್ಟೇ. ಮುಂದೆ ಹೀಗಾಗದಿರಲು ತಾತ್ಕಾಲಿಕ ಹೆಸರಿನಲ್ಲಿ ಬರೆಸಿ, ಮುಚ್ಚಿದ ಮೇಲೆ "ಓಎಸ್.ರಿಪ್ಲೇಸ್" ಇಂದ ನಿಜವಾದ ಹೆಸರಿಗೆ ಬದಲಿಸಿ. ಎರಡೂ ಹೆಸರು ಒಂದೇ ಡಿಸ್ಕಿನಲ್ಲಿರಬೇಕು. ಆಗ ಓದುವವರಿಗೆ ಅರ್ಧಂಬರ್ಧ ಫೈಲ್ ಕಣ್ಣಿಗೇ ಬೀಳುವುದಿಲ್ಲ.

ಎರಡನೆಯದು ಡಿಸ್ಕ್. ತುಂಬಿದೆಯೇ ನೋಡಿ. ಬಫರಿನಲ್ಲಿ ಉಳಿದ ಕೊನೆಯ ತುಂಡು ಡಿಸ್ಕಿಗೆ ಹೋಗುವುದು ಮುಚ್ಚುವ ಹೊತ್ತಿನಲ್ಲಿ. ಹಾಗಾಗಿ ಜಾಗವಿಲ್ಲ ಎಂಬ ಎರರ್ "ರೈಟ್" ಕರೆದಾಗ ಬರದೆ "ಕ್ಲೋಸ್" ಕರೆದಾಗ ಬರಬಹುದು. "ಕ್ಲೋಸ್" ಎರರನ್ನು ನುಂಗಿಹಾಕುವ ಕೋಡ್ ಬರೆದಿದ್ದರೆ ನಿಮಗೆ ಸುದ್ದಿಯೇ ಮುಟ್ಟುವುದಿಲ್ಲ.

ಮೂರನೆಯದು ಕೋಡಿನಲ್ಲೇ. ಕುಗ್ಗಿಸುವ ಎಂಜಿನ್ ನೀವು ಕೊಟ್ಟಿದ್ದನ್ನು ಕೂಡಲೇ ಹೊರಗೆ ಕೊಡುವುದಿಲ್ಲ. ಇನ್ನಷ್ಟು ಬರಲಿ ಎಂದು ಒಳಗೇ ಕೂಡಿಟ್ಟುಕೊಳ್ಳುತ್ತದೆ. ಜೆಡ್‌ಲಿಬ್‌ನ "ಕಂಪ್ರೆಸ್‌ಆಬ್ಜ್" ಬಳಸಿದರೆ ಕೊನೆಗೆ "ಫ್ಲಶ್" ಕರೆದು, ಅದು ಕೊಟ್ಟಿದ್ದನ್ನೂ ಬರೆಯಬೇಕು. ಫ್ಲಶ್ ಕರೆದು ಅದರ ಉತ್ತರವನ್ನು ಬಿಸಾಡಿದ ಕೋಡನ್ನೂ ನೋಡಿದ್ದೇನೆ, ಬರೆದವನು ನಾನೇ. "ಜಿಜಿಪ್.ಓಪನ್" ಬಳಸಿದರೆ "ವಿತ್" ಒಳಗೇ ಬಳಸಿ, ಮುಚ್ಚುವ ಕೆಲಸ ಅದು ನೋಡಿಕೊಳ್ಳುತ್ತದೆ.

"ಬೈಟ್ಸ್‌ಐಒ" ಜೊತೆ ಒಂದು ಸೂಕ್ಷ್ಮ ಇದೆ. ಮೆಮೊರಿಯಲ್ಲೇ ಕುಗ್ಗಿಸಿ ಎಲ್ಲಿಗೋ ಕಳಿಸುವಾಗ "ಗೆಟ್‌ವ್ಯಾಲ್ಯೂ" ಅನ್ನು "ವಿತ್" ಒಳಗೆ ಕರೆದರೆ ಬಾಲ ಇನ್ನೂ ಬಂದಿರುವುದಿಲ್ಲ. ಒಂದು ಟ್ಯಾಬ್ ಹಿಂದೆ ಸರಿಸಿ, ಹೊರಗೆ ಕರೆಯಿರಿ. ಚಿಕ್ಕ ಡೇಟಾ ಆಗಿದ್ದರೆ ಲಕ್ಷಣ ಇನ್ನೂ ಸ್ಪಷ್ಟ: ಸರಿಯಾಗಿ 10 ಬೈಟ್. ಅಂದರೆ ತಲೆ ಮಾತ್ರ ಹೊರಬಂದಿದೆ, ಉಳಿದಿದ್ದೆಲ್ಲ ಎಂಜಿನ್ನಿನ ಹೊಟ್ಟೆಯಲ್ಲಿದೆ. ಇನ್ನೊಂದು, ಜಿಜಿಪ್ ವಸ್ತುವನ್ನು ಮುಚ್ಚಿದರೆ ನೀವು ಅದಕ್ಕೆ ಕೊಟ್ಟ ಒಳಗಿನ ಫೈಲ್ ಮುಚ್ಚುವುದಿಲ್ಲ. ಅದನ್ನು ಬೇರೆಯಾಗಿ ಮುಚ್ಚಬೇಕು. ಮುಚ್ಚುವ ಕ್ರಮವೂ ಮುಖ್ಯ: ಮೊದಲು ಜಿಜಿಪ್, ಆಮೇಲೆ ಫೈಲ್.

ನಾಲ್ಕನೆಯದು, ಸ್ಕ್ರಿಪ್ಟನ್ನು ಯಾರು ಹೇಗೆ ನಿಲ್ಲಿಸಿದರು? ಕಂಟ್ರೋಲ್ ಸಿ ಒತ್ತಿದರೆ ಪೈಥಾನ್ ಎಕ್ಸೆಪ್ಷನ್ ಎಬ್ಬಿಸುತ್ತದೆ, "ವಿತ್" ತನ್ನ ಕೆಲಸ ಮುಗಿಸುತ್ತದೆ. ಆದರೆ "ನಿಲ್ಲು" ಎಂದು ಹೇಳುವ ಟರ್ಮ್ ಸಿಗ್ನಲ್ ಬಂದರೆ, ನೀವು ಅದಕ್ಕೆ ಬೇರೆ ಏರ್ಪಾಡು ಮಾಡಿರದಿದ್ದರೆ, ಪ್ರೋಗ್ರಾಂ ಅಲ್ಲೇ ಸಾಯುತ್ತದೆ. ಯಾವ "ಫೈನಲಿ"ಯೂ ಓಡುವುದಿಲ್ಲ. ಸರ್ವರ್ ರೀಸ್ಟಾರ್ಟ್ ಆದ ರಾತ್ರಿಯ ಫೈಲುಗಳೇ ಕೆಟ್ಟಿದ್ದರೆ ಇಲ್ಲಿ ಹುಡುಕಿ.

ನೋಡ್ ಬಳಸುವವರಿಗೆ: "ಪೈಪ್" ಹಾಕಿ ಮೂರು ಸ್ಟ್ರೀಮ್ ಜೋಡಿಸಿದರೆ ಒಂದರಲ್ಲಿ ಆದ ಎರರ್ ಇನ್ನೊಂದಕ್ಕೆ ತಾನಾಗಿ ದಾಟುವುದಿಲ್ಲ. ಓದುವ ಕಡೆ ಕಡಿದುಹೋದರೂ ಬರೆಯುವ ಕಡೆ ಬಾಯಿ ತೆರೆದುಕೊಂಡು ಕಾಯುತ್ತಿರುತ್ತದೆ. 10ನೇ ಆವೃತ್ತಿಯಿಂದ "ಪೈಪ್‌ಲೈನ್" ಇದೆ, ಅದನ್ನೇ ಬಳಸಿ. "ರೈಟ್ ಮಾಡಿದೆನಲ್ಲ" ಎಂದು ಮುಂದಿನ ಸಾಲಿನಲ್ಲೇ ಫೈಲನ್ನು ಅಪ್‌ಲೋಡ್ ಮಾಡಬೇಡಿ, ಪೈಪ್‌ಲೈನ್ ಮುಗಿಯುವವರೆಗೆ ಕಾಯಿರಿ.

ಇಷ್ಟೆಲ್ಲ ಆದರೂ ಕೈಯಲ್ಲಿರುವುದು ಮುರಿದ ಫೈಲೇ, ಮೂಲ ಇಲ್ಲ. ಆಗ ಏನು ಮಾಡುವುದು? "ಜಿಜಿಪ್.ಓಪನ್" ಇಂದ ಇಡೀ ಫೈಲನ್ನು ಒಂದೇ "ರೀಡ್"ನಲ್ಲಿ ಓದಿದರೆ ಎರರ್ ಬಂದು ಕೈಗೆ ಒಂದು ಬೈಟೂ ಸಿಗುವುದಿಲ್ಲ. ಅದರ ಬದಲು ಜೆಡ್‌ಲಿಬ್‌ನ "ಡಿಕಂಪ್ರೆಸ್‌ಆಬ್ಜ್" ಅನ್ನು ಡಬ್ಲ್ಯೂಬಿಟ್ಸ್ 31 ಕೊಟ್ಟು ಮಾಡಿಕೊಳ್ಳಿ. ಮುರಿದ ಫೈಲನ್ನು ಒಂದೊಂದು ಕೆಬಿಯಂತೆ ಅದಕ್ಕೆ ಉಣಿಸಿ, ಬಂದಿದ್ದನ್ನು ಆಗಿಂದಾಗ್ಗೆ ಹೊಸ ಫೈಲಿಗೆ ಬರೆಯಿರಿ. ಮುರಿದ ಜಾಗದವರೆಗಿನ ಡೇಟಾ ಬಹುತೇಕ ಪೂರ್ತಿ ಸಿಗುತ್ತದೆ. ಕೊನೆಯ ಸಾಲು ಅರ್ಧ ಇರುತ್ತದೆ, ಅದನ್ನು ಬಿಟ್ಟುಬಿಡಿ. ತಾಳೆ ನೋಡಲು ಬಾಲವೇ ಇಲ್ಲವಲ್ಲ, ಹಾಗಾಗಿ ಸಿಕ್ಕಿದ್ದನ್ನು ಕಣ್ಣಾರೆ ಪರೀಕ್ಷಿಸಿಯೇ ಬಳಸಿ.

ಇದೇ ಗುಣ ಇನ್ನೊಂದು ಕಡೆ ಬಲೆಯಾಗುತ್ತದೆ. ಫೈಲ್ ನಡುವೆ ಮುಗಿದರೆ "ಡಿಕಂಪ್ರೆಸ್‌ಆಬ್ಜ್" ಎರರ್ ಕೊಡುವುದೇ ಇಲ್ಲ. ಸುಮ್ನೆ ಇನ್ನಷ್ಟಕ್ಕೆ ಕಾಯುತ್ತದೆ. ಮಾಮೂಲಿ ಕೆಲಸಕ್ಕೆ ಅದನ್ನು ಬಳಸುತ್ತಿದ್ದರೆ ಕೊನೆಗೆ "ಇಒಎಫ್" ಗುಣ ನಿಜವಾಗಿದೆಯೇ ಎಂದು ನೀವೇ ನೋಡಬೇಕು.

## ಎರರ್ ಇಲ್ಲ, ಆದರೆ ಡೇಟಾ ಅರ್ಧವೇ ಬಂದಿದೆ

ಕಮಾಂಡಿನಲ್ಲಿ ಬಿಚ್ಚಿದರೆ ಹತ್ತು ಲಕ್ಷ ಸಾಲು, ನಿಮ್ಮ ಸ್ಕ್ರಿಪ್ಟಿನಲ್ಲಿ ನಲವತ್ತು ಸಾವಿರ. ಇಬ್ಬರೂ "ಎಲ್ಲ ಸರಿ" ಅನ್ನುತ್ತಾರೆ. ಇದು ಒಂದೇ ಫೈಲಿನಲ್ಲಿ ಹಲವು ಜಿಜಿಪ್‌ಗಳನ್ನು ಸಾಲಾಗಿ ಅಂಟಿಸಿದ ಕೇಸ್. ಹಾಗೆ ಅಂಟಿಸುವುದು ನಿಯಮಕ್ಕೆ ವಿರುದ್ಧವೇನಲ್ಲ. "ಎಬಿ" ಮೋಡಿನಲ್ಲಿ ತೆರೆದು ಸೇರಿಸುತ್ತಾ ಹೋಗುವ ಲಾಗ್ ಫೈಲುಗಳು ಹೀಗೇ ಇರುತ್ತವೆ.

ಪೈಥಾನಿನ ಜಿಜಿಪ್ ಮಾಡ್ಯೂಲ್ ಎಲ್ಲ ತುಂಡುಗಳನ್ನೂ ಓದುತ್ತದೆ. "ಡಿಕಂಪ್ರೆಸ್‌ಆಬ್ಜ್" ಮಾತ್ರ ಮೊದಲ ಬಾಲ ಸಿಕ್ಕ ಕೂಡಲೇ ಕೆಲಸ ಮುಗಿಯಿತೆಂದು ಕೂರುತ್ತದೆ. ಉಳಿದಿದ್ದು "ಅನ್‌ಯೂಸ್ಡ್ ಡೇಟಾ"ದಲ್ಲಿ ಬಿದ್ದಿರುತ್ತದೆ. ಅದು ಖಾಲಿಯಿಲ್ಲ ಎಂದರೆ ಹೊಸ ವಸ್ತು ಮಾಡಿಕೊಂಡು ಅದಕ್ಕೆ ಉಣಿಸಿ, ಮುಗಿಯುವವರೆಗೆ.

ಎಲ್ಲ ಬಿಚ್ಚಿ ಆದ ಮೇಲೆ ತೀರಾ ಕೊನೆಯಲ್ಲಿ "ನಾಟ್ ಎ ಜಿಜಿಪ್ಡ್ ಫೈಲ್" ಬಂದರೆ ಬಾಲದ ಹಿಂದೆ ಯಾವುದೋ ಕಸ ಅಂಟಿಕೊಂಡಿದೆ. ಬರಿ ಸೊನ್ನೆಗಳಾದರೆ ಪೈಥಾನ್ ತಾನೇ ದಾಟಿಕೊಳ್ಳುತ್ತದೆ, ಬೇರೆ ಏನಾದರೂ ಇದ್ದರೆ ದೂರುತ್ತದೆ.

## ಬಿಚ್ಚಿಕೊಳ್ಳುತ್ತದೆ, ಒಳಗೆ ಏನೂ ಇಲ್ಲ

ಈಗ ನನ್ನ 20 ಬೈಟಿನ ಕಥೆ. ತಲೆ 10, ಖಾಲಿ ಡೇಟಾಕ್ಕೆ 2, ಬಾಲ 8. ಒಟ್ಟು 20. ಏನೂ ಇಲ್ಲದಿರುವುದನ್ನು ನಿಯಮಬದ್ಧವಾಗಿ ಕುಗ್ಗಿಸಿದರೆ ಬರುವ ಗಾತ್ರ ಇದು. ತಲೆಯಲ್ಲಿ ಫೈಲಿನ ಹೆಸರೂ ಇದ್ದರೆ ಅಷ್ಟು ಜಾಸ್ತಿ. ಹೆಕ್ಸಿನಲ್ಲಿ ನೋಡಿದರೆ ಕೊನೆಯ ಎಂಟೂ ಬೈಟ್ ಸೊನ್ನೆ.

ಅಂದರೆ ಜಿಜಿಪ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಅದಕ್ಕೆ ಡೇಟಾ ಕೊಡಬೇಕಾದ ಪ್ರೋಗ್ರಾಂ ಮೊದಲೇ ಬಿದ್ದುಹೋಗಿದೆ. ನನ್ನ ಕೇಸಿನಲ್ಲಿ ಡೇಟಾಬೇಸಿನ ಪಾಸ್‌ವರ್ಡ್ ಬದಲಾಗಿತ್ತು. ಶೆಲ್ಲಿನಲ್ಲಿ ಪೈಪ್ ಹಾಕಿದರೆ ಕೊನೆಯ ಕಮಾಂಡ್ ಗೆದ್ದರೆ ಸಾಲು ಗೆದ್ದಂತೆ. ಬ್ಯಾಶ್ ಸ್ಕ್ರಿಪ್ಟಿನ ಮೇಲ್ಗಡೆ "ಸೆಟ್ ಮೈನಸ್ ಓ ಪೈಪ್‌ಫೇಲ್" ಹಾಕಿದರೆ ನಡುವಿನ ಸೋಲೂ ಕಾಣುತ್ತದೆ. ಪೈಥಾನಿನಿಂದ ಬೇರೆ ಪ್ರೋಗ್ರಾಂ ಓಡಿಸಿ ಅದರ ಹೊರಹರಿವನ್ನು ಕುಗ್ಗಿಸುತ್ತಿದ್ದರೆ ಕೊನೆಗೆ ಅದರ ರಿಟರ್ನ್ ಕೋಡ್ ಸೊನ್ನೆಯೇ ಎಂದು ನೋಡಿ. ಈಗ ನನ್ನ ಬ್ಯಾಕಪ್ ಸ್ಕ್ರಿಪ್ಟ್ ಗಾತ್ರ 1 ಕೆಬಿಗಿಂತ ಕಡಿಮೆ ಇದ್ದರೆ ಕಿರುಚುತ್ತದೆ. ಒರಟು ಉಪಾಯ, ಕೆಲಸ ಮಾಡುತ್ತದೆ.

## "ಸಿಆರ್‌ಸಿ ಚೆಕ್ ಫೇಲ್ಡ್"

ತಲೆ ಇದೆ, ಬಾಲ ಇದೆ, ನಡುವೆ ಏನೋ ಬದಲಾಗಿದೆ. ಮೊದಲು ಮೂಲದ ಗಾತ್ರಕ್ಕೂ ನಿಮ್ಮ ನಕಲಿನ ಗಾತ್ರಕ್ಕೂ ತಾಳೆ ನೋಡಿ. ನಕಲು ಶೇಕಡಾ 0.4ರಷ್ಟು ದೊಡ್ಡದಾಗಿದ್ದರೆ ಸಾಲು ಮುರಿಯುವ ಚಿಹ್ನೆ ಬದಲಾಗಿದೆ ಎಂದು ಕಣ್ಣು ಮುಚ್ಚಿ ಹೇಳಬಹುದು. ಕುಗ್ಗಿಸಿದ ಡೇಟಾದಲ್ಲಿ ಸರಾಸರಿ 256 ಬೈಟಿಗೆ ಒಂದು 0ಎ, ಅಂದರೆ ಸಾಲು ಮುರಿಯುವ ಬೈಟ್, ಇರುತ್ತದೆ. ಪ್ರತಿಯೊಂದರ ಹಿಂದೆಯೂ ಒಂದು 0ಡಿ ಸೇರಿದರೆ ಅಷ್ಟೇ ಬೆಳೆಯುತ್ತದೆ. ಎಫ್‌ಟಿಪಿಯನ್ನು ಆಸ್ಕಿ ಮೋಡಿನಲ್ಲಿ ಬಿಟ್ಟಿದ್ದರೆ, ಗಿಟ್ ಈ ಫೈಲನ್ನು ಟೆಕ್ಸ್ಟ್ ಎಂದುಕೊಂಡಿದ್ದರೆ ಹೀಗಾಗುತ್ತದೆ. ಬೈನರಿ ಮೋಡಿನಲ್ಲಿ ಮತ್ತೆ ತರಿಸಿ. ಇಂಥ ಫೈಲ್ ಸಿಆರ್‌ಸಿವರೆಗೂ ಹೋಗದೆ ನಡುವೆಯೇ "ಇನ್‌ವ್ಯಾಲಿಡ್" ಎಂದು ಶುರುವಾಗುವ ಬೇರೆ ಎರರ್ ಕೊಡುವುದೂ ಉಂಟು.

ಗಾತ್ರ ಒಂದೇ ಇದ್ದರೆ ಅದೇ ಫೈಲನ್ನು ಮೂರು ಸಲ ಪರೀಕ್ಷಿಸಿ. ಮೂರು ಸಲವೂ ಒಂದೇ ಎರರ್ ಬಂದರೆ ಫೈಲ್ ಕೆಟ್ಟಿದೆ. ಒಂದು ಸಲ ಪಾಸ್, ಒಂದು ಸಲ ಫೇಲ್, ಅಥವಾ ಸಿಆರ್‌ಸಿ ಸಂಖ್ಯೆ ಪ್ರತಿ ಸಲ ಬೇರೆ ಬಂದರೆ ಅಲ್ಲಿಗೆ ಕೈ ನಿಲ್ಲಿಸಿ. ಅದು ರ‍್ಯಾಮ್, ಡಿಸ್ಕ್ ಅಥವಾ ಕೇಬಲ್ ಕೆಡುತ್ತಿರುವ ಲಕ್ಷಣ. ಆ ಯಂತ್ರದಲ್ಲಿ ಇನ್ನೇನನ್ನೂ ಬರೆಯಬೇಡಿ, ಬೇಕಾದ ಡೇಟಾವನ್ನು ಬೇರೆ ಯಂತ್ರಕ್ಕೆ ತೆಗೆದುಕೊಂಡು ಹಾರ್ಡ್‌ವೇರ್ ಗೊತ್ತಿರುವವರಿಗೆ ತೋರಿಸಿ. ಕೋಡ್ ತಿದ್ದುತ್ತಾ ಕೂತರೆ ಉಳಿದ ಫೈಲುಗಳೂ ಹೋಗುತ್ತವೆ.

ನಡುವೆ ಕೆಟ್ಟ ಫೈಲಿನಿಂದ ಡೇಟಾ ತೆಗೆಯುವುದು ಬಾಲ ಮುರಿದ ಫೈಲಿನಷ್ಟು ಸುಲಭವಲ್ಲ. ಡಿಫ್ಲೇಟ್ ಹಿಂದಿನ 32 ಕೆಬಿವರೆಗೆ ತಿರುಗಿ ನೋಡಿ "ಅಲ್ಲಿದ್ದದ್ದೇ ಇಲ್ಲೂ" ಎಂದು ಬರೆಯುತ್ತದೆ. ನಡುವೆ ಒಂದು ಬೈಟ್ ಕೆಟ್ಟರೆ ಅಲ್ಲಿಂದ ಮುಂದಿನದೆಲ್ಲ ಅನುಮಾನ. ಬೆಲೆಬಾಳುವ ಡೇಟಾ ಆದರೆ ಡೇಟಾ ರಿಕವರಿ ಮಾಡುವವರ ಕೈಗೆ ಕೊಡಿ.

## ಮೆಮೊರಿ ಉಬ್ಬಿ ಸ್ಕ್ರಿಪ್ಟ್ ಸಾಯುತ್ತದೆ

ಲಿನಕ್ಸಿನಲ್ಲಿ "ಕಿಲ್ಡ್" ಎಂಬ ಒಂದೇ ಪದ, ಎಕ್ಸಿಟ್ ಕೋಡ್ 137. ಮೆಮೊರಿ ತೀರಿ ಕರ್ನಲ್ ಕೊಂದಿರುವ ಸಾಧ್ಯತೆಯೇ ಹೆಚ್ಚು. ನೂರರಲ್ಲಿ ತೊಂಬತ್ತು ಸಲ ಕಾರಣ ಒಂದು ಖಾಲಿ "ರೀಡ್", ಅಂದರೆ ಎಷ್ಟು ಓದಬೇಕೆಂದು ಹೇಳದೆ ಪೂರ್ತಿ ಓದಿರುವುದು. "ಎಸ್‌ಎಚ್‌ಯುಟಿಲ್" ಮಾಡ್ಯೂಲಿನ "ಕಾಪಿಫೈಲ್‌ಆಬ್ಜ್" ಬಳಸಿ. ಒಂದು ಕಡೆ ಮಾಮೂಲಿ ಫೈಲ್, ಇನ್ನೊಂದು ಕಡೆ ಜಿಜಿಪ್ ಫೈಲ್ ಕೊಟ್ಟರೆ ತುಂಡು ತುಂಡಾಗಿ ಸಾಗಿಸುತ್ತದೆ. ಫೈಲ್ 100 ಜಿಬಿ ಇದ್ದರೂ ಮೆಮೊರಿ ಅಲುಗಾಡುವುದಿಲ್ಲ.

ಬೇರೆಯವರು ಕೊಟ್ಟ ಫೈಲ್ ಬಿಚ್ಚುವಾಗ ಇಷ್ಟು ಸಾಲದು. ಡಿಫ್ಲೇಟ್ ಹೆಚ್ಚೆಂದರೆ ಸುಮಾರು 1032 ಪಟ್ಟು ಕುಗ್ಗಿಸಬಲ್ಲದು. ತಿರುಗಿಸಿ ನೋಡಿ: 10 ಎಂಬಿಯ ಫೈಲ್ ಬಿಚ್ಚಿದರೆ 10 ಜಿಬಿ ಆಗಬಹುದು. ಜಿಪ್ ಬಾಂಬ್ ಅನ್ನುವುದು ಇದಕ್ಕೇ. 64 ಕೆಬಿಯ ಒಂದೇ ತುಂಡು ಉಣಿಸಿದರೂ 60 ಎಂಬಿಗಿಂತ ಹೆಚ್ಚು ಹೊರಬರಬಹುದು. "ಡಿಕಂಪ್ರೆಸ್"ಗೆ ಗರಿಷ್ಠ ಉದ್ದ ಕೊಡಿ, ಉಳಿದಿದ್ದನ್ನು "ಅನ್‌ಕನ್ಸ್ಯೂಮ್ಡ್ ಟೇಲ್"ನಿಂದ ತೆಗೆದು ಮತ್ತೆ ಉಣಿಸಿ. ಒಟ್ಟು ಹೊರಬಂದ ಬೈಟುಗಳನ್ನು ಎಣಿಸುತ್ತಾ ಮಿತಿ ದಾಟಿದರೆ ನಿಲ್ಲಿಸಿ. ಬಾಲದಲ್ಲಿ ಬರೆದಿರುವ ಉದ್ದವನ್ನು ನಂಬಿ ಮಿತಿ ಹಾಕಬೇಡಿ. ಬಾಂಬ್ ಮಾಡುವವನು ಅದನ್ನು ನಿಜವಾಗಿ ಬರೆಯಬೇಕೆಂದೇನಿಲ್ಲ, ಅಲ್ವಾ?

ಹಲವು ಫೈಲುಗಳನ್ನು ಒಂದಾಗಿ ಕಟ್ಟಿಟ್ಟ ಟಾರ್ ಫೈಲುಗಳಿಗೆ ಇನ್ನೊಂದು ಎಚ್ಚರ. ಒಳಗಿನ ಹೆಸರುಗಳಲ್ಲಿ ".." ಹಾಕಿ ನಿಮ್ಮ ಫೋಲ್ಡರಿನ ಹೊರಗೆ ಬರೆಯುವಂತೆ ಮಾಡಬಹುದು. ಪೈಥಾನ್ 3.12ರಿಂದ ಬಿಚ್ಚುವಾಗ ಫಿಲ್ಟರ್ "ಡೇಟಾ" ಎಂದು ಕೊಡಬಹುದು, ಅದು ಇಂಥವನ್ನು ತಡೆಯುತ್ತದೆ. 3.14ರಲ್ಲಿ ಅದೇ ಮಾಮೂಲಿ.

## ಕುಗ್ಗಿಸಿದ ಮೇಲೆ ಫೈಲ್ ದೊಡ್ಡದಾಗಿದೆ

ಒಳಗಿರುವುದು ಫೋಟೋ, ವಿಡಿಯೋ ಅಥವಾ ಇನ್ನೊಂದು ಜಿಪ್ ಆಗಿದ್ದರೆ ಇದು ದೋಷವಲ್ಲ. ಆಗಲೇ ಹಿಂಡಿದ್ದನ್ನು ಮತ್ತೆ ಹಿಂಡಲಾಗುವುದಿಲ್ಲ. ಗೂಢಲಿಪಿ ಮಾಡಿದ ಡೇಟಾವೂ ಕುಗ್ಗುವುದಿಲ್ಲ, ಎರಡೂ ಬೇಕಿದ್ದರೆ ಮೊದಲು ಕುಗ್ಗಿಸಿ.

ಸಾದಾ ಲಾಗ್ ಕುಗ್ಗದಿದ್ದರೆ ಮಾತ್ರ ಕೋಡ್ ನೋಡಿ. ಪ್ರತಿ ಸಾಲಿಗೂ ಫೈಲ್ ತೆರೆದು, ಬರೆದು, ಮುಚ್ಚುತ್ತಿದ್ದರೆ ಪ್ರತಿ ಸಾಲಿಗೂ ತಲೆ ಬಾಲ ಸೇರಿ ಕನಿಷ್ಠ 18 ಬೈಟ್ ದಂಡ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಹಿಂದಿನ ಸಾಲುಗಳನ್ನು ತಿರುಗಿ ನೋಡುವ ಅವಕಾಶ ಪ್ರತಿ ಸಲ ಹೋಗುತ್ತದೆ. ಸಾಲು ಸಾಲಿಗೂ ಫ್ಲಶ್ ಮಾಡಿದರೂ ಗಾತ್ರ ಉಬ್ಬುತ್ತದೆ. ಕುಗ್ಗಿಸುವ ಹಂತವನ್ನು 6ರಿಂದ 9ಕ್ಕೆ ಏರಿಸುವುದು ಇದಕ್ಕೆ ಮದ್ದಲ್ಲ. ಸಮಯ ಹೋಗುತ್ತದೆ, ಗಾತ್ರ ಚೂರು ಮಾತ್ರ ಇಳಿಯುತ್ತದೆ.

## ಕನ್ನಡ ಅಕ್ಷರಗಳು ಅಲ್ಲಲ್ಲಿ ಮುರಿಯುತ್ತವೆ

ಇಂಗ್ಲಿಷ್ ಫೈಲ್ ಸರಿ, ಕನ್ನಡ ಫೈಲಿನಲ್ಲಿ ಮಾತ್ರ ದೂರದೂರಕ್ಕೆ "�" ಅಥವಾ "ಅನ್‌ಎಕ್ಸ್‌ಪೆಕ್ಟೆಡ್ ಎಂಡ್ ಆಫ್ ಡೇಟಾ". ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. 64 ಕೆಬಿ ಅಂದರೆ 65536, ಅದನ್ನು ಮೂರರಿಂದ ಭಾಗಿಸಿದರೆ 1 ಉಳಿಯುತ್ತದೆ. ತುಂಡಿನ ಕೊನೆಗೆ ಅಕ್ಷರವೊಂದು ಸೀಳಿಹೋಗುತ್ತದೆ. ಪ್ರತಿ ತುಂಡನ್ನೂ ಬೇರೆಬೇರೆಯಾಗಿ ಡಿಕೋಡ್ ಮಾಡಿದರೆ ಎರಡು ಕಡೆಯೂ ಕಸ. "ಆರ್‌ಟಿ" ಮೋಡಿನಲ್ಲಿ ತೆರೆದರೆ ಪೈಥಾನ್ ಉಳಿದ ಬೈಟನ್ನು ಮುಂದಿನ ತುಂಡಿಗೆ ಒಯ್ಯುತ್ತದೆ. ಕೈಯಿಂದಲೇ ಮಾಡಬೇಕಿದ್ದರೆ "ಕೊಡೆಕ್ಸ್" ಮಾಡ್ಯೂಲಿನ ಇನ್‌ಕ್ರಿಮೆಂಟಲ್ ಡಿಕೋಡರ್ ಇದೆ.

## ಒಳಗಿರುವುದು ಒಂದೇ, ಹ್ಯಾಶ್ ಮಾತ್ರ ಪ್ರತಿ ಸಲ ಬೇರೆ

ಹ್ಯಾಶ್ ಅಂದರೆ ಫೈಲಿನ ಬೈಟುಗಳಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ, ಒಂದು ಬೈಟ್ ಬದಲಾದರೂ ಅದು ಬದಲಾಗುತ್ತದೆ. ಜಿಜಿಪ್ ತಲೆಯಲ್ಲಿ ಸಮಯ ಬರೆದಿರುತ್ತದೆ, ಐದನೆಯಿಂದ ಎಂಟನೆಯ ಬೈಟ್. "ಎಂಟೈಮ್" ಸೊನ್ನೆ ಕೊಡಿ. ಕಮಾಂಡಿನಲ್ಲಾದರೆ "ಎನ್" ಆಯ್ಕೆ.

## ಬೇರೆಯವರನ್ನು ಕೇಳುವಾಗ

ಎರಡು ಗಂಟೆ ಕೂತರೂ ಸಿಗದಿದ್ದರೆ ಕೇಳಿಬಿಡಿ. ನಿಖರ ಗಾತ್ರ, ಮೊದಲ 16 ಮತ್ತು ಕೊನೆಯ 16 ಬೈಟ್, ಎರರಿನ ಪೂರ್ತಿ ಪಠ್ಯ, ಭಾಷೆಯ ಆವೃತ್ತಿ, "ಟಿ" ಪರೀಕ್ಷೆಯ ಉತ್ತರ. ಇಷ್ಟು ಕೊಟ್ಟರೆ ಗೊತ್ತಿರುವವರು ಹೆಚ್ಚಾಗಿ ಅಲ್ಲೇ ಹೇಳುತ್ತಾರೆ. ಫೈಲನ್ನೇ ಹಾಕಬೇಡಿ. ಕುಗ್ಗಿಸಿದ ಮಾತ್ರಕ್ಕೆ ಒಳಗಿನ ಪಾಸ್‌ವರ್ಡ್, ಫೋನ್ ನಂಬರ್ ಮುಚ್ಚಿಹೋಗಿರುವುದಿಲ್ಲ, ಯಾರು ಬೇಕಾದರೂ ಬಿಚ್ಚಬಹುದು. ಮೊದಲ 16 ಬೈಟಿನಲ್ಲೂ ಒಮ್ಮೊಮ್ಮೆ ಮೂಲ ಫೈಲಿನ ಹೆಸರು ಇಣುಕುತ್ತದೆ. ಹನ್ನೊಂದನೆಯ ಬೈಟಿನಿಂದ ಮುಂದೆ ಅಂಥದ್ದೇನಾದರೂ ಇದೆಯೇ ಎಂದು ನೋಡಿಯೇ ಕಳಿಸಿ.